ಮಗಳಿಗೊಂದು ಪತ್ರ: ಇಂಡಿಯನ್ ಓಶನ್ ತಂಡದ ಹೊಸ ದನಿ

ಬೆಳಗಾವಿ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮವಾಗಿದ್ದೇವೆ.

ಇಂಡಿಯನ್ ಓಶನ್ ತಂಡದ ಹೊಸ ಹಾಡುಗಳು ನನಗೆ ಯಾಕೆ ಹಿಡಿಸುವುದಿಲ್ಲವೆಂದು ನೀನು ಫೋನಿನಲ್ಲಿ ಕೇಳಿದ್ದೆ. ಹಿಡಿಸುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಹಿಡಿಸುತ್ತವೆ ಎಂದುಬಿಡಲೂ ಮನಸ್ಸು ಒಪ್ಪುವುದಿಲ್ಲ. ಫೋನಿನಲ್ಲಿ ಮುಗಿಯುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ಸುಸ್ಮಿತ್ ಸೇನ್ ಮತ್ತು ಅಸೀಮ್ ಚಕ್ರವರ್ತಿಯವರು 1990ರಲ್ಲಿ ದೆಹಲಿಯಲ್ಲಿ ಕಟ್ಟಿದ ರಾಕ್ ಸಂಗೀತದ ತಂಡವಿದು. ಬಾಸ್ ಗಿಟಾರಿನ ರಾಹುಲ್ ರಾಮ್, ಡ್ರಮ್ಸ್ ನುಡಿಸುವ ಅಮಿತ್ ಕಿಲಂ ಆಮೇಲೆ ಬಂದವರು. 2000ದಲ್ಲಿ ಬಂದ ‘ಕಂದೀಸಾ’ ಕ್ಯಾಸೆಟ್ಟನ್ನು ನಾನು ಖಡೇಬಜಾರಿನಲ್ಲಿ ಕೊಂಡು ತಂದಿದ್ದೆ. ಅದರ ಹೆಸರಿನ ಹಾಡು ಕೇರಳದ ಸುರಿಯಾನಿ ಕ್ರೈಸ್ತರು ಹಾಡಿಕೊಂಡು ಬಂದ ಅರಮಾಯಿಕ್ ಭಾಷೆಯ ಪ್ರಾರ್ಥನೆ. ಒಂದು ಪದವೂ ಅರ್ಥವಾಗದಿದ್ದರೂ ನಿನ್ನ ಅಜ್ಜಿ ಕೈಯಲ್ಲಿನ ಕೆಲಸ ಬಿಟ್ಟು ಅದನ್ನು ಕೇಳುತ್ತಿದ್ದರು.

ನನ್ನನ್ನು ಹಿಡಿದಿಟ್ಟಿದ್ದು ಅಸೀಮರ ದನಿ. ಅವರು ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ದನಿ ಮತ್ತು ಪೆಟ್ಟು ಒಂದೇ ಮೈಯಿಂದ ಹೊರಡುತ್ತಿದ್ದುದರಿಂದ ಸಾಲಿನ ಕೊನೆಯನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಅವರು ಇನ್ನೊಬ್ಬರ ಮುಖ ನೋಡಬೇಕಾಗಿರಲಿಲ್ಲ; ನಮ್ಮ ಕಡೆ ಏಕತಾರಿ ಮೀಟುತ್ತ ತತ್ವಪದ ಹೇಳುವವರು ತಮಗೆ ಬೇಕಾದಲ್ಲಿ ನಿಂತು, ಬೇಕಾದಲ್ಲಿ ಮುಂದೆ ಹೋಗುತ್ತಾರಲ್ಲ, ಹಾಗೆ. ಅದರ ಪಕ್ಕದಲ್ಲಿ ಸುಸ್ಮಿತರ ಗಿಟಾರು ರಾಗದ ಆಲಾಪದಂತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಕೇಳುವವನಿಗೆ ಉಸಿರಾಡಲು ಜಾಗವಿರುತ್ತಿತ್ತು.

ಅಸೀಮರು 2009ರ ಡಿಸೆಂಬರ್ 25ರಂದು ತೀರಿಕೊಂಡರು. ದೆಹಲಿಯ ಕರೋಲ್ ಬಾಗಿನಲ್ಲಿ ತಂಡ ತಾಲೀಮು ಮಾಡುತ್ತಿದ್ದ ಹಳೆಯ ಮನೆಯ ವಿಳಾಸವನ್ನೇ ಹೆಸರಾಗಿಟ್ಟುಕೊಂಡ ಆಲ್ಬಮ್ಮಿನ ಹಾಡುಗಳು, ಅಸೀಮರ ದನಿಯನ್ನು ಹೊತ್ತು, ಮರುವರ್ಷದಿಂದ ಒಂದೊಂದಾಗಿ ಹೊರಬಂದವು. 2013ರಲ್ಲಿ ಸುಸ್ಮಿತರೂ ತಂಡ ಬಿಟ್ಟರು. ಅಸೀಮರ ಜಾಗಕ್ಕೆ ಹಾಡಲು ಹಿಮಾಂಶು ಜೋಶಿ, ತಬಲಾಕ್ಕೆ ತುಹಿನ್ ಚಕ್ರವರ್ತಿ, ಹೀಗೆ ಇಬ್ಬರು ಬಂದರು. ಗಿಟಾರನ್ನು ನಿಖಿಲ್ ರಾವ್ ಹಿಡಿದರು. ಹಿಮಾಂಶು ಒಳ್ಳೆಯ ಹಾಡುಗಾರರು, ತುಹಿನರ ಕೈಯಲ್ಲೂ ಯಾವ ಕೊರತೆಯಿಲ್ಲ. ಆದರೆ ಒಬ್ಬರಲ್ಲಿ ಕೂಡಿದ್ದದ್ದು ಈಗ ಇಬ್ಬರಲ್ಲಿ ಹಂಚಿಹೋಗಿದೆ, ಗಿಟಾರಿನ ಸದ್ದು ದಪ್ಪವಾಗಿದೆ, ಹಾಡು ಮೊದಲಿಗಿಂತ ಬೇಗ ತುಂಬಿಕೊಳ್ಳುತ್ತದೆ. ನನಗೆ ಕಡಿಮೆಯೆನಿಸುವುದು ಉಸಿರಾಡುವ ಆ ಜಾಗ.

ಅಷ್ಟಾದರೂ ಅವರು ಅಸೀಮರಂತೆಯೇ ಹಾಡುವ ಒಬ್ಬರನ್ನು ಹುಡುಕಿ ತಂದು ನಿಲ್ಲಿಸಲಿಲ್ಲವೆಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಾಗೆ ಮಾಡಿದ್ದರೆ ನನ್ನಂಥವರು ಸಂತೋಷಪಡುತ್ತಿದ್ದೆವು, ತಂಡ ಅಲ್ಲಿಗೇ ನಿಂತುಬಿಡುತ್ತಿತ್ತು.

ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ವಿಷಯವನ್ನು ನಿನಗೆ ಹಿಂದೆ ಹೇಳಿದ್ದೇನೆ. ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡ ಗವಾಯಿಗಳನ್ನು ಬೆರಗಾಗಿಸಿದ್ದ ಅವರು ಕ್ಷಯರೋಗಕ್ಕೆ ಸಿಕ್ಕು, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದ ಮೇಲೆ, ಉಳಿದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡುವ ಹೊಸ ಗಾಯನವನ್ನು ಕಟ್ಟಿಕೊಂಡರು. ಮಾಳವದ ಜಾನಪದವನ್ನು ರಾಗಕ್ಕೆ ತಂದರು, ಕಬೀರರ ನಿರ್ಗುಣ ಪದಗಳನ್ನು ಹಾಡಿದರು. ಸಂಪ್ರದಾಯಸ್ಥರು ಮೂಗು ಮುರಿದರು. ನಾನು ಅವರ ಆ ನಂತರದ ಹಾಡುಗಾರಿಕೆಯನ್ನಷ್ಟೇ ಧ್ವನಿಮುದ್ರಣದಲ್ಲಿ ಕೇಳಿ ಬೆಳೆದವನು. ಮೊದಲಿನದನ್ನು ಕಳೆದುಕೊಂಡೆನೆಂಬ ದುಃಖ ನನಗಿರಲೇ ಇಲ್ಲ. ಇಂಡಿಯನ್ ಓಶನ್ನನ್ನು ನೀನು ಈಗ ಕೇಳುತ್ತಿರುವುದು ಅದೇ ಕಿವಿಯಿಂದ. ಆದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಕುಮಾರರ ಹಾಡು ಬದಲಾದರೂ ಹಾಡುವವರು ಅವರೇ ಇದ್ದರು. ಇಲ್ಲಿ ಹಾಡುವ ಮನುಷ್ಯನೇ ಇಲ್ಲ. ಕಬೀರರನ್ನೇ ಹಾಡಿದ 2003ರ ‘ಝೀನಿ’ಯನ್ನು ಕೇಳುವಾಗ ನನಗಾಗುವ ಸಂಕಟ ಅದು.

2023ರ ‘ತೂ ಹೈ’ ಆಲ್ಬಮ್ಮನ್ನು ನಾನು ಬಿಡಿ ಬಿಡಿಯಾಗಿ ಕೇಳಿದ್ದೇನೆ, ಇನ್ನೂ ಇಡಿಯಾಗಿ ಕೇಳಬೇಕು. ಇವರು ವೇದಿಕೆಯ ಮೇಲೆ ಅರಳುವ ಜನ, ಎದುರು ಕೂತು ಕೇಳದೆ ಕೊನೆಯ ಮಾತು ಹೇಳುವುದು ನ್ಯಾಯವಲ್ಲ. ಅವರು ಬೆಂಗಳೂರಿಗೆ ಬರುವುದು ತಿಳಿದ ಕೂಡಲೇ ಎರಡು ಟಿಕೆಟ್ ತೆಗೆಸಿ ನನಗೆ ತಿಳಿಸು. ಇಲ್ಲಿಂದ ರಾತ್ರಿ ರೈಲಿಗೆ ಹೊರಟು ಬರುತ್ತೇನೆ. ತಬಲಾ ಸರಿಯಾಗಿ ಕಾಣುವ ಕಡೆ ಜಾಗ ನೋಡು.

ಇಂತಿ,
ನಿನ್ನ ಪ್ರೀತಿಯ ಅಪ್ಪ