ಪುಟ್ಟಿಯ ನೋಟ್‌ಬುಕ್ ಓದಿದ ಮೇಲೆ

ಚಿತ್ರದುರ್ಗ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹೋದ ವಾರ ನೀನು ಇಲ್ಲಿ ಮರೆತುಹೋದ ನೋಟ್‌ಬುಕ್ಕನ್ನು ಪೂರ್ತಿ ಓದಿದೆ. ಪದದ ಮುಂದಿರುವ 'ಇಲ್ಲ' ಅನ್ನುವ ಅಕ್ಷರ ಕತ್ತರಿಸಿ ಹೊಸ ಪದ ಹುಟ್ಟಿಸುವ ಆಟ ಆಡಿದ್ದೀಯ. 'ನಿರ್ಗತಿಕ'ನ ತಲೆ ತೆಗೆದು, ಕೈಯಲ್ಲಿ ನಾಲ್ಕು ಕಾಸಿರುವವನಿಗೆ 'ಗತಿಕ' ಅಂದಿದ್ದೀಯ. ಮೊದಲೇ ಫೋನ್ ಮಾಡಿ ಬರುವ ನೆಂಟರು 'ಚಾನಕ್ಕಾಗಿ' ಬರುತ್ತಾರೆ. ಅಧ್ವಾನವಾಗಿದ್ದ ರೂಮು ಗುಡಿಸಿದ ಮೇಲೆ 'ಧ್ವಾನ' ಆಗುತ್ತದೆ. ತುಂಬಾ ನಕ್ಕೆ. ನಿನ್ನ ದೊಡ್ಡಮ್ಮ ಈಗ ಒಲೆಕಟ್ಟೆ ಒರೆಸಿ 'ಧ್ವಾನ ಮಾಡಿದೆ' ಅನ್ನುತ್ತಾಳೆ.

ಇದನ್ನು ಬಿಡಬೇಡ. ಸುಮ್ನೆ ಹೊತ್ತು ಕಳೆಯುವ ಆಟ ಅಂತ ಯಾರಾದರೂ ಅಂದರೆ 'ಅಸುರ'ನ ಕಥೆ ಹೇಳು. ಋಗ್ವೇದದಲ್ಲಿ ವರುಣನನ್ನೂ ಇಂದ್ರನನ್ನೂ 'ಅಸುರ' ಎಂದೇ ಹೊಗಳಿದ್ದಾರೆ. ಅಲ್ಲಿಯ 'ಅ'ಗೆ 'ಅಲ್ಲ' ಎಂಬ ಅರ್ಥ ಇರಲೇ ಇಲ್ಲ. ಆಮೇಲಿನವರು ಇದೆ ಅಂದುಕೊಂಡು ಕತ್ತರಿಸಿದರು. ಹಾಗೆ ಹುಟ್ಟಿದವನು 'ಸುರ'. 'ವಿಧವೆ'ಯ 'ವಿ' ಕತ್ತರಿಸಿದಾಗ ಹುಟ್ಟಿದವನು 'ಧವ', ಅಂದರೆ ಗಂಡ. ನೀನು ಮಾಡಿದ್ದನ್ನೇ ಅವರೂ ಮಾಡಿದರು, ಅಲ್ವಾ?

ಆದರೂ ಕತ್ತರಿ ಹಾಕುವ ಮೊದಲು ಪದ ಎಲ್ಲಿಂದ ಬಂತು ಅಂತ ನೋಡು. ನಮ್ಮ ಕನ್ನಡ 'ಇಲ್ಲ' ಅನ್ನುವುದನ್ನು ಬಾಲಕ್ಕೆ ಕಟ್ಟುತ್ತದೆ: ಬರುವ, ಬಾರದ, ಮಾಡುವ, ಮಾಡದ. ಮುಂದೆ ಕೂರುವ ಅ, ನಿರ್ ಸಂಸ್ಕೃತದವು. ಬೇವಾರಸಿನ 'ಬೇ', ನಾಲಾಯಕ್ಕಿನ 'ನಾ' ಪಾರಸಿಯವು. ಅದಕ್ಕೇ ನೀನು ಅಚ್ಚಗನ್ನಡದ ಅಡಿಕೆಯನ್ನು 'ಡಿಕೆ' ಮಾಡಿದ್ದು ಸಪ್ಪೆಯಾಗಿದೆ. ನಿಘಂಟು ತೆಗೆದು ಕೂತರೆ ಇನ್ನೂ ರುಚಿಯಾದವು ಸಿಗುತ್ತವೆ. 'ಅಕಸ್ಮಾತ್' ಒಳಗಿನ 'ಕಸ್ಮಾತ್' ಅಂದರೆ 'ಯಾವ ಕಾರಣದಿಂದ'. ನಮ್ಮೂರಿನ 'ದುರ್ಗ'ವೂ ದುರ್ ಮತ್ತು ಗ ಸೇರಿ ಆದದ್ದು, ಹೋಗಲು ಕಷ್ಟವಾದ ಜಾಗ. ಏಳು ಸುತ್ತಿನ ಕೋಟೆ ಹತ್ತುವಾಗ ನಿನ್ನ ಕಾಲಿಗೇ ಗೊತ್ತಾಗಿದೆ.

ಒಂದಕ್ಷರ ಹೋದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ದಾವಣಗೆರೆಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ದಿನಗಳು. ನಿವೃತ್ತರಾಗುವ ಮೇಷ್ಟರೊಬ್ಬರ ಸನ್ಮಾನಪತ್ರದಲ್ಲಿ 'ಅವಿಸ್ಮರಣೀಯ ಸೇವೆ'ಯ 'ಅ' ಬಿಟ್ಟುಬಿಟ್ಟೆ. ವೇದಿಕೆಯ ಮೇಲೆ ಅದನ್ನು ಇದ್ದ ಹಾಗೇ ಓದಿದರು: ವಿಸ್ಮರಣೀಯ ಸೇವೆ, ಮರೆತುಬಿಡಬೇಕಾದ ಸೇವೆ. ಜನ ನಕ್ಕರು. ಮೇಷ್ಟರು ತಲೆ ತಗ್ಗಿಸಿದರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಹಾಗಾಗಿ ನಿನ್ನ 'ಬೇಸಾಯ'ದ ಪುಟದಲ್ಲಿ ನಿಂತುಬಿಟ್ಟೆ. 'ಬೇ' ತೆಗೆದು 'ಸಾಯ' ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದೀಯ. ಆ 'ಬೇ' ಪಾರಸಿಯದ್ದಲ್ಲ. 'ವ್ಯವಸಾಯ'ವೇ ಬಾಯಲ್ಲಿ ಸವೆದು 'ಬೇಸಾಯ' ಆಗಿದೆ. 'ಬೇಸಾಯ, ನೀ ಸಾಯ ನಾ ಸಾಯ ಮನೆಮಂದಿಯೆಲ್ಲ ಸಾಯ' ಅಂತ ರೈತರೇ ಹೇಳುತ್ತಾರೆ, ನಿಜ. ಅದು ಅವರ ಹೊಟ್ಟೆಯ ಸಂಕಟ. ನಿಮ್ಮಪ್ಪ ಈ ವರ್ಷ ಎರಡನೇ ಸಲ ಮೆಕ್ಕೆಜೋಳ ಬಿತ್ತಿ ಮೋಡ ನೋಡುತ್ತಾ ಕೂತಿದ್ದಾನೆ. ಅವನೆದುರು ಇದನ್ನು ಓದಬೇಡ ಪುಟ್ಟಿ. ಪುಟ ನಾನು ಹರಿದಿಲ್ಲ, ನಿನ್ನ ಪುಸ್ತಕ ಅದು.

'ಗತಿಕ'ವನ್ನು ಮಾತ್ರ ಅವನಿಗೆ ಓದಿ ಹೇಳು. ಖಂಡಿತ ನಗುತ್ತಾನೆ. ನೋಟ್‌ಬುಕ್ಕನ್ನು ಭಾನುವಾರ ನಾನೇ ತರುತ್ತೇನೆ. ನಿಮ್ಮಮ್ಮನಿಗೆ ಹೇಳು, ಚಾನಕ್ಕಾಗಿ ಬರುತ್ತಿದ್ದೇನೆ.

ನಿನ್ನ ದೊಡ್ಡಪ್ಪ