ಖಾನಾವಳಿಯಲ್ಲಿ ಬಿಎ ಹುಡುಗಿಗೆ ಬೇರೆ ರೇಟಿಲ್ಲ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ನಿವೃತ್ತ ಕನ್ನಡ ಉಪನ್ಯಾಸಕಿ. ಪಿಯು ಫಲಿತಾಂಶ ಬಂತೆಂದರೆ ಈಗಲೂ ಮಕ್ಕಳು ಅಪ್ಪಂದಿರನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಯಾವ ಕೋರ್ಸು, ಎಷ್ಟು ಖರ್ಚು, ಯಾವ ಸ್ಕಾಲರ್‌ಶಿಪ್ ಅಂತ ಕೇಳುತ್ತಾರೆ.

ಈ ಸಲ ಒಬ್ಬಳು ಬಂದಿದ್ದಳು. ಪಿಯುನಲ್ಲಿ ವಿಜ್ಞಾನ ಓದಿದವಳು. ಮನಸ್ಸು ಮಾತ್ರ ಇತಿಹಾಸದ ಕಡೆ. ಧಾರವಾಡದಲ್ಲಿ ಬಿಎ ಮಾಡಬೇಕಂತೆ. ಅಪ್ಪನಿಗೆ ಮೂರು ಎಕರೆ ಗೋವಿನಜೋಳ. ಅವರು ಮೊಬೈಲಿನಲ್ಲಿ ರೈತ ವಿದ್ಯಾನಿಧಿಯ, ಅಂದರೆ ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ, ಪಟ್ಟಿ ತೋರಿಸಿದರು. 2021ರಲ್ಲಿ ಯೋಜನೆ ಶುರುವಾದಾಗ ಇಟ್ಟ ದರ ಅದು. ಹುಡುಗಿ ಬಿಎ, ಬಿಎಸ್ಸಿ, ಬಿಕಾಂ ಓದಿದರೆ ವರ್ಷಕ್ಕೆ 5,500 ರೂಪಾಯಿ. ಕಾನೂನು, ನರ್ಸಿಂಗ್ ಆದರೆ 8,000. ಬಿಇ, ಎಂಬಿಬಿಎಸ್ ಆದರೆ 11,000.

"ಸರ್ಕಾರಾನ ಬಿಎಗೆ ಅರ್ಧಾ ಅಂದೈತ್ರಿ ಮೇಡಂ. ನಾವೇನ್ ಹೇಳೂದು?"

ನನ್ನ ಬಳಿ ಉತ್ತರ ಇರಲಿಲ್ಲ.

ಐದೂವರೆ ಸಾವಿರ ಜಾಸ್ತಿ ಸಿಗುತ್ತದೆ ಅಂತ ಯಾರೂ ಎಂಜಿನಿಯರಿಂಗ್ ಸೇರುವುದಿಲ್ಲ, ನನಗೂ ಗೊತ್ತು. ಸಿಇಟಿ ರ್‍ಯಾಂಕು, ಕೆಲಸದ ಆಸೆ, ನೆಂಟರ ಮಾತು ಎಲ್ಲ ಸೇರಿ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ. ಅದೇ ತಟ್ಟೆಗೆ ಸರ್ಕಾರವೂ ಒಂದು ಕಲ್ಲು ಹಾಕಬೇಕೇ?

ಬಿಇ ಶುಲ್ಕ ಜಾಸ್ತಿ, ನಿಜ. ಶುಲ್ಕಕ್ಕೆ ಕೊಡುವ ಹಣ ಕೋರ್ಸಿಗೆ ತಕ್ಕಂತೆ ಇರಲಿ, ತಕರಾರಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಬಿಇ ಓದುವವಳೂ ಧಾರವಾಡದಲ್ಲಿ ಬಿಎ ಓದುವವಳೂ ಖಾನಾವಳಿಯಲ್ಲಿ ತಿನ್ನುವುದು ಅದೇ ರೊಟ್ಟಿ, ಅದೇ ಪಲ್ಯ. ರೂಮಿನ ಬಾಡಿಗೆ ಕೇಳುವಾಗ ಮಾಲೀಕರು ಡಿಗ್ರಿ ಯಾವುದು ಅಂತ ಕೇಳುವುದಿಲ್ಲ.

ದೆಹಲಿಯ ಲೆಕ್ಕವೂ ಇದೇ. ಪರಿಶಿಷ್ಟ ಜಾತಿ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2021ರಲ್ಲಿ ಹೊಸ ದರ ಬಂತು. ಶುಲ್ಕ ಬಿಟ್ಟು ಕೊಡುವ ಭತ್ಯೆ, ಹಾಸ್ಟೆಲಿನಲ್ಲಿರುವ ಬಿಇ ವಿದ್ಯಾರ್ಥಿಗೆ ವರ್ಷಕ್ಕೆ 13,500. ಬಿಎ ವಿದ್ಯಾರ್ಥಿಗೆ 6,000. ಇನ್ನೊಂದು ನಿಯಮ ನೋಡಿ: ಬಿಎ ಮುಗಿಸಿ ಬಿಕಾಂ ಮಾಡುತ್ತೇನೆ ಅಂದರೆ ಈ ವೇತನ ಇಲ್ಲ. ಅಂದರೆ ಹದಿನೆಂಟರಲ್ಲಿ ಮಾಡಿದ ಆಯ್ಕೆಯೇ ಕೊನೆ. ಇದನ್ನು ಆ ವಯಸ್ಸಿನಲ್ಲಿ ಅವರಿಗೆ ಯಾರು ಹೇಳುತ್ತಾರೆ?

ಹಾಗಂತ ದಾರಿಯೇ ಇಲ್ಲ ಅಂತಲ್ಲ. 2013-14ರಲ್ಲಿ ರಾಜ್ಯ ಶುರು ಮಾಡಿದ ವಿದ್ಯಾಸಿರಿ ನೆನಪಿಸಿಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಕಲೆಯೋ ವಿಜ್ಞಾನವೋ ಅಂತ ಅದು ಕೇಳಲಿಲ್ಲ. ಹಸಿವಿಗೆ ಒಂದೇ ದರ ಇಟ್ಟಿತು. ರೈತ ವಿದ್ಯಾನಿಧಿಗೂ ಅದೇ ಅಳತೆ ಹಿಡಿಯಿರಿ ಅನ್ನುವುದೇ ನನ್ನ ಬೇಡಿಕೆ. ಬಿಇಯವರದನ್ನು ಇಳಿಸಿ ಅಂತ ಕೇಳುತ್ತಿಲ್ಲ, ಬಿಎ, ಬಿಎಸ್ಸಿ, ಬಿಕಾಂನವರದನ್ನು ಏರಿಸಿ. ಬಿಎ ಮೇಲೆ ಬಿಕಾಂ ವಿಷಯಕ್ಕೆ ದೆಹಲಿಗೆ ನೀವೇ ಒಂದು ಪತ್ರ ಬರೆಯಿರಿ.

ಅಲ್ಲಿಯವರೆಗೆ ದುಡ್ಡು ಬೇಡದ ಕೆಲಸ ಒಂದಿದೆ. ಯಾವ ಕೋರ್ಸಿಗೆ ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಎಲ್ಲ ಪಿಯು ಕಾಲೇಜುಗಳಿಗೆ ಕಳಿಸಿ. ಅಡ್ಮಿಷನ್ ಮುಗಿದ ಮೇಲಲ್ಲ, ದ್ವಿತೀಯ ಪಿಯು ಪರೀಕ್ಷೆಗೆ ಮೊದಲು. ನಮ್ಮ ಹಳೇ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಬೇಕಾದಷ್ಟು ಜಾಗವಿದೆ.

ಇತಿ,
ಒಬ್ಬ ನಿವೃತ್ತ ಉಪನ್ಯಾಸಕಿ