ಚಂಡಮಾರುತ ಎಲ್ಲಿ ದಾಟುತ್ತದೆ ಎಂಬುದನ್ನೂ ಬರೆಯಿರಿ

ಮಾನ್ಯರೇ,

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಸಾಕು, ಮಂಡ್ಯ ಸೀಮೆಯಲ್ಲಿ ಅರೆಬರೆ ಮಾಗಿದ ಭತ್ತದ ಗದ್ದೆಗೂ ಕಟಾವು ಯಂತ್ರ ಇಳಿಯುತ್ತದೆ. ಆದರೆ ಎಲ್ಲ ಚಂಡಮಾರುತವೂ ನಮಗೆ ಮಳೆ ತರುವುದಿಲ್ಲ.

ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಪುದುಚೇರಿ ಹೆಚ್ಚುಕಡಿಮೆ ನಮ್ಮ ನೇರಕ್ಕೇ ಇದೆ. ಚಂಡಮಾರುತ ಅಲ್ಲಿ ಅಥವಾ ಅದಕ್ಕೂ ದಕ್ಷಿಣದಲ್ಲಿ ಕರಾವಳಿ ದಾಟಿ ಪಶ್ಚಿಮಕ್ಕೆ ಸರಿದರೆ, ಅದರ ಉತ್ತರ ಮಗ್ಗುಲಿನ ಮೂಡಲ ಗಾಳಿ ಕಡಲಿನ ತೇವ ಹೊತ್ತು ತಮಿಳುನಾಡಿನ ಬಯಲಿನಿಂದ ಸುಮಾರು 700 ಮೀಟರ್ ಎತ್ತರದ ನಮ್ಮ ನೆಲಕ್ಕೆ ಏರುತ್ತದೆ, ಏರುತ್ತಾ ತಣಿದು ಸುರಿಯುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಾಟಿದ ಫೆಂಗಲ್, ಡಿಸೆಂಬರ್ ಮೊದಲ ದಿನಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರವನ್ನು ತೋಯಿಸಿದ್ದು ಹೀಗೆ. ಆ ಹೊತ್ತಿಗೆ ಅದರ ಗಾಳಿಯ ವೇಗ ತಗ್ಗಿತ್ತು, ತೇವ ತಗ್ಗಿರಲಿಲ್ಲ. ‘ಚಂಡಮಾರುತ ದುರ್ಬಲ’ ಎಂಬ ಶೀರ್ಷಿಕೆ ನಂಬಿ ಕೊಯ್ದ ತೆನೆಯನ್ನು ಬಯಲಲ್ಲೇ ಬಿಡುವವರು ಮೋಸಹೋಗುವುದು ಇಲ್ಲಿಯೇ.

2023ರ ಡಿಸೆಂಬರ್ 5ರಂದು ಮಿಚಾಂಗ್ ದಾಟಿದ್ದು ಆಂಧ್ರದ ಬಾಪಟ್ಲ ಬಳಿ. ಅಂಥ ಹಾದಿಯಲ್ಲಿ ನಾವು ಅದರ ನೈರುತ್ಯಕ್ಕೆ ಬೀಳುತ್ತೇವೆ. ನಮ್ಮತ್ತ ಬೀಸುವುದು ನೆಲದ ಮೇಲಿಂದ ಬರುವ ಒಣಗಾಳಿ. ಮೋಡ, ಚಳಿ, ಒಂದಿಷ್ಟು ತುಂತುರು, ಅಷ್ಟೇ.

ಅರಬ್ಬಿ ಸಮುದ್ರದ್ದು ಬೇರೆಯೇ ಲೆಕ್ಕ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಗುಜರಾತಿನತ್ತ ಸಾಗುತ್ತಾ ಮುಂಗಾರಿನ ತೇವವನ್ನು ತನ್ನತ್ತ ಸೆಳೆದುಕೊಂಡಿತು. ಹಾಗೆ ತೇವ ಅತ್ತ ಹೋಗಿ ಕೊಡಗಿನಲ್ಲಿ ಮಳೆ ಹಿಡಿಯದಿದ್ದರೆ ಕೆಆರ್‌ಎಸ್ ನಾಲೆಗಳಿಗೆ ನೀರು ಎಲ್ಲಿಂದ?

ಗದ್ದೆಗೆ ಬಂದರೆ, 50 ಮಿ.ಮೀ. ಮಳೆ ಎಂದರೆ ಎಕರೆಗೆ ಎರಡು ಲಕ್ಷ ಲೀಟರ್ ನೀರು. ಮಾಗಿದ ಭತ್ತ ಮಲಗಿ ನೀರಲ್ಲಿ ನೆನೆದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಹಾಗೆಂದು ಹಸಿರು ಕಾಳಿರುವಾಗಲೇ ಕೊಯ್ದರೆ ಜೊಳ್ಳು ಹೆಚ್ಚು, ಅಕ್ಕಿ ನುಚ್ಚು. ತೇವಾಂಶ ಶೇ 17 ದಾಟಿದರೆ ಬೆಂಬಲ ಬೆಲೆಯೂ ಸಿಗದು. ಪುದುಚೇರಿ ಹಾದಿಯ ಮುನ್ಸೂಚನೆ ಇದ್ದಾಗ, ತೆನೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊಂಬಣ್ಣಕ್ಕೆ ತಿರುಗಿದ್ದರೆ ಕೊಯ್ದು ಒಕ್ಕಿ ಒಳಗೆ ಸೇರಿಸಬೇಕು. ಇಲ್ಲವಾದರೆ ಕೊಯ್ಯದೆ, ಬದು ಕಡಿದು ನೀರು ಬಸಿಯಲು ಬಿಡುವುದೇ ಸರಿ. ಕೊಯ್ದು ನೆಲಕ್ಕೆ ಹರವಿದ ಅರಿಗಿಂತ ನಿಂತ ಪೈರು ಬೇಗ ಆರುತ್ತದೆ.

ಹವಾಮಾನ ಇಲಾಖೆ ಚಂಡಮಾರುತದ ಹಾದಿಯ ನಕ್ಷೆಯನ್ನು ಬಿಡುಗಡೆ ಮಾಡುತ್ತಲೇ ಇರುತ್ತದೆ. ಕೊಯ್ಲಿನ ತಿಂಗಳುಗಳಲ್ಲಾದರೂ ಅದನ್ನು ಮೈಸೂರು–ಮಂಡ್ಯ ಪುಟದಲ್ಲಿ, ದಾಟುವ ಊರಿನ ಹೆಸರಿನೊಂದಿಗೆ ಅಚ್ಚುಹಾಕಬೇಕೆಂದು ಕೋರುತ್ತೇವೆ.

– ಭತ್ತ ಬೆಳೆಗಾರರು, ಮಂಡ್ಯ